ಹಗ್ಗ ಬಾಗಿದ ವರ್ಷ

ಹತ್ತಿರ ಬನ್ನಿ, ಕೂತು ಕೇಳಿ. ಹುಲ್ಲುಕಡ್ಡಿಗೂ ಹೆಸರಿದ್ದ ಕಾಲದಲ್ಲಿ, ಹೆಸರೇ ಇಲ್ಲದ ಒಂದು ಊರಿತ್ತಂತೆ. ನಾನು ಕಂಡಿಲ್ಲ, ನನಗೆ ಹೇಳಿದವರೂ ಕಂಡಿರಲಿಲ್ಲ.

ಆ ಊರಿಗೊಂದು ಪದ್ಧತಿ. ತಾನು ಹೆರದ ಮಗುವಿಗೆ ಯಾರಾದರೂ ಒಂದು ಕೆಲಸ ಕಲಿಸಿದರೆ, ಉಟ್ಟ ಬಟ್ಟೆಯ ಅಂಚು ಹರಿದು ಆ ಮಗುವಿನ ಕೈಗೆ ಕೊಡಬೇಕು. ಯುಗಾದಿಯ ಮರುದಿನ ಮಕ್ಕಳು ಆ ಚಿಂದಿಗಳನ್ನು ಚಾವಡಿಯ ಮುಂದಿನ ಹಗ್ಗಕ್ಕೆ ಕಟ್ಟಬೇಕು. ಹಗ್ಗ ಬಾಗಿದರೆ ಊರು ಚೆನ್ನಾಗಿದೆ. ಬಿಗಿಯಾಗಿ ನಿಂತರೆ ಊರಿಗೆ ಏನೋ ಆಗಿದೆ. ಬೆಳೆಯನ್ನಾಗಲಿ ದನವನ್ನಾಗಲಿ ಅವರು ಅಳೆಯುತ್ತಿರಲಿಲ್ಲ.

ಕಾಲ ಕಳೆಯಿತು. ದೊಡ್ಡವರಿಗೆ ಕೆಲಸ ಹೆಚ್ಚಿತು. ನೇಕಾರರ ದುಂಡವ್ವನ ಬಾಗಿಲಿಗೆ ಹೊನ್ನಿ ಎಂಬ ಹುಡುಗಿ ಬಂದಳು.

"ಚಿಗವ್ವ, ಮಗ್ಗ ಕಲಸ್ತಿಯೇನು?"

"ನಾಳೆ ಬಾ."

ಮರುದಿನ ಬಂದಳು. "ನಾಳೆ ಬಾ." ಮೂರನೆಯ ದಿನವೂ ಬಂದಳು. "ನಾಳೆ ಬಾ ಅಂದ್ನೆಲ್ಲ, ಕಿವಿ ಕೇಳಸಂಗಿಲ್ಲೇನು?"

ದೆವ್ವ ಬರದಿರಲೆಂದು ಬಾಗಿಲ ಮೇಲೆ ಬರೆಯುವ ಮಾತನ್ನು ಊರಿನವರು ಮಕ್ಕಳಿಗೆ ಹೇಳತೊಡಗಿದ್ದರು, ನೋಡಿ. ಅದನ್ನು ಇನ್ಯಾರು ಕೇಳಿಸಿಕೊಂಡರೋ.

ಯುಗಾದಿ ಬಂತು. ಮರುದಿನ ಮಕ್ಕಳು ಚಿಂದಿ ಕಟ್ಟಿದರು; ಹಗ್ಗ ನೆಲ ಮುಟ್ಟುವಷ್ಟು ಬಾಗಿತು.

ಗೌಡ ಮೀಸೆ ತಿರುವಿದ. "ನೋಡಿದೇನು ದುಂಡವ್ವ? ನಮ್ಮಪ್ಪನ ಕಾಲದಾಗೂ ಇಷ್ಟು ಬಾಗಿದ್ದಿಲ್ಲ."

"ಕಲಿಸಿದೋರು ಯಾರು ಗೌಡ್ರ? ನಾನಂತೂ ಅಲ್ಲ."

"ನಾನೂ ಅಲ್ಲ. ಯಾರೋ ಪುಣ್ಯವಂತರು. ಬಾಗೇತಲ್ಲ, ಸಾಕು ಬಿಡು."

ದುಂಡವ್ವ ಕೈಯಿಟ್ಟು ನೋಡಿದಳು. ಸುಡುಬಿಸಿಲಲ್ಲೂ ಚಿಂದಿಗಳು ತಣ್ಣಗಿದ್ದವು. ಎಲ್ಲವೂ ಬಿಳಿ. ಒಂದರ ಅಂಚಿನಲ್ಲಿ ಮಾತ್ರ ಮೂರು ಕೆಂಪು ಎಳೆ. ನೇಯ್ದವಳಿಗೆ ತನ್ನ ಅಂಚು ಗೊತ್ತಾಗದೆ ಇರುತ್ತದೆಯೇ? ಏಳು ವರ್ಷದ ಹಿಂದೆ ಅವಳೇ ನೇಯ್ದು, ಅತ್ತೆ ಬಾಳವ್ವನನ್ನು ಮಣ್ಣು ಮಾಡುವಾಗ ಹೊದಿಸಿದ ಬಟ್ಟೆ ಅದು.

"ಹೊನ್ನೀ, ಇದನ್ನ ಯಾರು ಕೊಟ್ಟರು?"

"ಬಾಳಜ್ಜಿ. ಕಂಡಿಕೆಗೆ ನೂಲು ಸುತ್ತೋದು ಕಲಿಸಿದಳು. ಹರಿದ ಎಳೆ ಹೊಸೆಯೋದು ಕಲಿಸಿದಳು. ಆಕೀಗೆ ಬಿಡುವು ಭಾಳ ಐತಿ ಚಿಗವ್ವ."

"ಮುಂದ?"

"ಲಾಳಿ ಹೊಡೆಯೋದು. ಅದು ಆಕೀ ಮನ್ಯಾಗಂತ. ಇವತ್ತು ಮಧ್ಯಾಹ್ನ ಕರಕೊಂಡು ಹೋಗ್ತಾಳ. ತಿರುಗಿ ಬರೋದು ಬ್ಯಾಡ ಅಂದಾಳ."

ಸೂರ್ಯ ನೆತ್ತಿಗೆ ಬಂದಿದ್ದ. ದುಂಡವ್ವ ಹುಡುಗಿಯ ರಟ್ಟೆ ಹಿಡಿದು ಮನೆಗೆ ಓಡಿದಳು. ಮಗ್ಗಕ್ಕೆ ಕೂರಿಸಿದಳು. ಕೈಗೆ ಲಾಳಿ ಕೊಟ್ಟು, ಆ ಕೈಯ ಮೇಲೆ ತನ್ನ ಕೈ ಇಟ್ಟಳು.

ಹೊರಗಿನಿಂದ ಕರೆ ಬಂತು. "ಹೊನ್ನೀ."

ಹುಡುಗಿಯ ಕಾಲು ಅಲುಗಿತು. "ಲಾಳಿ ನೋಡು," ಎಂದಳು ದುಂಡವ್ವ.

"ಹೊನ್ನೀ." ಅಂಗಳಕ್ಕೆ ಬಂದಿತ್ತು.

"ಹೊನ್ನೀ." ಹೊಸ್ತಿಲಿಗೇ ಬಂದಿತ್ತು. ಬಾಗಿಲಲ್ಲಿ ಯಾರೂ ಇಲ್ಲ; ಆದರೂ ಒಳಗೆ ಕತ್ತಲಾಯಿತು. ಅಗೆದ ಮಣ್ಣಿನ ವಾಸನೆ.

ದುಂಡವ್ವ ತಲೆ ಎತ್ತಲಿಲ್ಲ. "ಅತ್ತಿ, ಈಕೀಗೆ ನಾ ಕಲಸ್ತೀನಿ."

"ನೀನಾ? ನಿನ್ನ ಅಂಚು ಇನ್ನೂ ಸೊಟ್ಟ ಐತಿ."

"ಸೊಟ್ಟಾನೇ ಕಲಸ್ತೀನಿ."

ಹಾಗೆಂದು ಸೆರಗಿನ ಅಂಚು ಪರ್ರನೆ ಹರಿದು ಹುಡುಗಿಯ ಮುಷ್ಟಿಯಲ್ಲಿಟ್ಟಳು. ಲಾಳಿ ಈ ಕಡೆಯಿಂದ ಆ ಕಡೆಗೆ ಹೋಯಿತು. ಮನೆಗೆ ಬೆಳಕು ಬಂತು.

"ಆಗಲಿ, ನಾ ಹೊಂಟೆ," ಎಂದಿತು ದನಿ, ಈಗ ದೂರದಿಂದ. "ಆದ್ರ ನಾ ಒಬ್ಬಾಕೀನ ಬಂದಿಲ್ಲ, ದುಂಡಿ."

ದುಂಡವ್ವ ಹೊನ್ನಿಯ ಕೈ ಬಿಡದೆ ಬೀದಿಗೆ ಬಂದಳು. ಏನು ಕಂಡಳು? ಮನೆಮನೆಯ ಮುಂದೆ ಒಂದೊಂದು ಮಗು. ಪ್ರತಿ ಮಗುವಿನ ಒಂದು ಕೈ ಮೇಲಕ್ಕೆ ಚಾಚಿತ್ತು, ಯಾರದೋ ಬೆರಳು ಹಿಡಿದಂತೆ. ಎಲ್ಲವೂ ಊರ ಹೊರಗೆ ನಡೆಯತೊಡಗಿದ್ದವು.

ಅವಳು ಕೂಗಿ ಕೂಗಿ ಎಲ್ಲರನ್ನೂ ಹೊರಗೆಳೆದಳು. ಕುಂಬಾರ ತಿಗರಿ ಬಿಟ್ಟು ಬಂದ. ಬಡಿಗ ಉಳಿ ಬಿಟ್ಟು ಬಂದ. ಗೌಡ ಊಟ ಬಿಟ್ಟು ಬಂದ. ಒಬ್ಬೊಬ್ಬರು ಒಂದೊಂದು ಮಗುವಿನ ಇನ್ನೊಂದು ಕೈ ಹಿಡಿದರು. ಆ ಕಡೆಯ ಎಳೆತ ಸಣ್ಣದೇನಲ್ಲ. ಎಲ್ಲ ಮಕ್ಕಳೂ ಉಳಿದರೇ? ಉಳಿದರು ಎನ್ನುತ್ತಾರೆ.

ಮರುವರ್ಷ ಗೌಡ ಹಗ್ಗದ ಬುಡದಲ್ಲೇ ಕೂತ. ಒಂದೊಂದು ಚಿಂದಿಗೂ "ಇದು ಯಾರ ಬಟ್ಟಿ ಮಗಾ?" ಎಂದು ಕೇಳಿದ. ಹೆಸರು ಹೇಳಿಸಿಕೊಂಡವರು ಎದುರಿಗೆ ಬಂದು ನಿಂತ ಮೇಲೆಯೇ ಕಟ್ಟಗೊಟ್ಟ.

ಹೇಳಿದ ಬಾಯಿಗೆ ನೀರು ಕೊಡಿ. ಕೇಳಿದ ಕಿವಿಗೆ ನಿದ್ದೆ ಬರಲಿ. ಹೋಗುವಾಗ ಮಕ್ಕಳ ಎರಡೂ ಕೈ ನೋಡಿಕೊಂಡು ಹೋಗಿ.