ಜಿಂಕೆಯ ಕಿವಿಯಲ್ಲಿ ಹೇಳಿದ ವಿಳಾಸ

ಟಿವಿ ಬಂದ್ ಮಾಡಿ. ಇದು ಮೆಲ್ಲ ಹೇಳುವಂಥದ್ದು... ಸುಶಾಂತ್ ನಿಮಗೆ ಗೊತ್ತುಂಟಲ್ಲ, ನನ್ನ ಚಿಕ್ಕಮ್ಮನ ಮಗ, ನಮ್ಮ ಹಾಗೇ ಊರು ಬಿಟ್ಟು ಗಲ್ಫಿಗೆ ಬಂದು ಇದೇ ವಕ್ರಾದಲ್ಲಿ ಇರುವವ. ಅವನಿಗೆ ಆದದ್ದು. ನಗುವವರು ಈಗಲೇ ಎದ್ದು ಹೋಗಿ, ಮತ್ತೆ ನನಗೆ ಸಿಟ್ಟು ಬರ್ತದೆ.

ಹೋದ ಚಳಿಗಾಲ. ಗುರುವಾರ ರಾತ್ರಿ ಕೆಲಸ ಮುಗಿಸಿ, ವ್ಯಾನಿಂದ ಇಳಿದು ಮನೆಗೆ ನಡ್ಕೊಂಡು ಬರ್ತಿದ್ದ. ದಾರಿಯಲ್ಲಿ ಒಂದು ಹಳೇ ಬಾವಿ ಉಂಟು, ಮೇಲೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದು. ಅದನ್ನು ದಾಟುವಾಗ ಹಿಂದಿನಿಂದ ಸದ್ದು... ಟಕ್... ಟಕ್ ಟಕ್... ಟಕ್. ಚಪ್ಪಲಿಯದ್ದಲ್ಲ. ಗೊರಸಿನದ್ದು. ಇವ ನಿಂತರೆ ನಿಲ್ತದೆ. ನಡೆದರೆ ನಡೀತದೆ. ಜಾಲರಿ ಮೇಲೆ ಕಾಲಿಟ್ಟಿರಬೇಕು, ಒಮ್ಮೆ ಟಣ್ ಅಂತು. ತಿರುಗಿ ನೋಡಿದ... ಯಾರೂ ಇಲ್ಲ.

ಹೆದರಿಕೆ ಆಯ್ತಾ ಅಂತ ನಾನು ಕೇಳಿದೆ. "ಇಲ್ಲಣ್ಣ, ಏನೂ ಆಗ್ಲಿಲ್ಲ" ಅಂದ. ಆಗ ಅವನಿಗೆ ಯಾವುದೂ ಏನೂ ಆಗ್ತಿರಲಿಲ್ಲ ಮಾರಾಯ್ರೆ. ಎರಡು ತಿಂಗಳ ಹಿಂದೆ ಮಗು ಹೋಗಿತ್ತು. ಏಳೇ ತಿಂಗಳಿಗೆ ಹುಟ್ಟಿದ್ದು, ಅಳಲೇ ಇಲ್ಲ. ಅವನ ಹೆಂಡತಿ ನಿಶ್ಮಿತಾ ಅವತ್ತಿಂದ ಒಂದು ಮಾತೂ ಆಡಿರ್ಲಿಲ್ಲ. ಬಡಿಸಿದ್ರೆ ನಾಲ್ಕು ತುತ್ತು ಉಣ್ತಾಳೆ, ಕಿಟಕಿ ಹತ್ರ ಕೂತ್ಕೊಳ್ತಾಳೆ. ಇವನೂ ಅತ್ತದ್ದಿಲ್ಲ. ಹಲ್ಲು ಕೀಳ್ಲಿಕ್ಕೆ ಇಂಜೆಕ್ಷನ್ ಕೊಟ್ಟ ದವಡೆ ಹಾಗೆ ಆಗಿದ್ದ. ಅವಳು ಒಮ್ಮೆ ಮಾತಾಡ್ಲಿ, ಅವನಿಗೆ ಬೇಕಾದದ್ದು ಅದೊಂದೇ.

ಆ ಗೊರಸು ಎಲ್ಲಿಂದ ಬಂತು, ಹೇಳ್ತೇನೆ. ಐನ್ ಖಾಲಿದ್‌ನಲ್ಲಿ ನಮ್ಮ ಉಳ್ಳಾಲ ಕಡೆಯ ಬ್ಯಾರಿ ಒಬ್ರು, ಅಮೀನ್ ಕಾಕ, ನಾವು ಅಮೀನಾಕ ಅಂತ ಕರೀತೇವೆ, ವರ್ಕ್‌ಶಾಪ್ ಇಟ್ಟಿದ್ದಾರೆ. ಬೇಟೆಯಾಡಿ ತಂದ ಪ್ರಾಣಿಯ ಚರ್ಮವನ್ನು ಫೋಮಿನ ಅಚ್ಚಿಗೆ ಹೊದಿಸಿ, ಗೋಡೆಗೆ ಹಾಕುವ ಹಾಗೆ ಮಾಡಿಕೊಡ್ತಾರೆ. ಸುಶಾಂತ್ ಅಲ್ಲಿ ಹೊಸಬ. ಆ ಗುರುವಾರ ಮೊದಲ ಸಲ ಒಂದು ಜಿಂಕೆಯ ಕೊನೇ ಕೆಲಸ ಅವನಿಗೇ ಬಿಟ್ಟಿದ್ರು. ತಲೆಯಿಂದ ಎದೆವರೆಗೆ ಮಾತ್ರ... ಕಾಲೇ ಇಲ್ಲ ಅದಕ್ಕೆ, ಗೊತ್ತಾಯ್ತಾ?

"ಚರ್ಮ ಒಣಗಿದ್ರೆ ಬಣ್ಣ ಸಾಯ್ತದೆ," ಅಮೀನಾಕ ಹೇಳಿದ್ರು. "ಅದನ್ನು ನೀನು ವಾಪಸ್ ತರ್ಬೇಕು. ತೆಳು ಹೊಡಿ. ಒಂದು ಕೋಟ್ ಒಣಗ್ಲಿ, ಮತ್ತೊಂದು. ದಪ್ಪ ಹಚ್ಚಿದ್ಯೋ, ಖಲಾಸ್, ಆಟದ ಸಾಮಾನು ಆಗ್ತದೆ." ಅಷ್ಟು ಹೇಳಿ ಮನೆಗೆ ಹೋದ್ರು.

ಇವ ಒಬ್ಬನೇ ಕೂತು ಮಾಡಿದ. ಚರ್ಮ ಕುಗ್ಗಿ ಗಾಜಿನ ಕಣ್ಣಿನ ಮೂಲೆಯಲ್ಲಿ ಬಿರುಕು ಬಿಟ್ಟಿತ್ತು, ಎಪಾಕ್ಸಿ ಅಂಟು ತುಂಬಿ ಒದ್ದೆ ಬ್ರಷ್ಷಲ್ಲಿ ನಯ ಮಾಡಿದ. ಕಿವಿಯ ಒಳಗೆ ತೆಳು ಗುಲಾಬಿ. ಮೂಗಿಗೆ ಕಂದು, ಅದರ ಮೇಲೆ ಕಪ್ಪು, ಹೊಳ್ಳೆಗೆ ಮಾತ್ರ ಸ್ವಲ್ಪ ವಾರ್ನಿಷ್, ಪಸೆ ಇದ್ದ ಹಾಗೆ ಕಾಣ್ಲಿ ಅಂತ. ರೆಪ್ಪೆ ಅಂಚಿನ ಕಪ್ಪು ಗೆರೆ ಕೊನೆಗೆ ಇಟ್ಟ. ಯಾಕೆ ಅಂದ್ರೆ, ಅವರದ್ದು ಊರಲ್ಲಿ ಚೌತಿಗೆ ಗಣಪತಿ ಮಾಡುವ ಮನೆ. ಕಣ್ಣು ಬರೆಯುವುದು ಕೊನೆಗೇ. ಬರೆದ ಕೂಡ್ಲೆ ಅವನಪ್ಪ ಮೂರ್ತಿಯ ಕಿವಿಯಲ್ಲಿ, ಅದು ಯಾವ ಮನೆಗೆ ಹೋಗ್ಬೇಕು ಅಂತ ಹೇಳ್ತಿದ್ರು. ಅದು ಅವರ ಮನೆಯ ಕ್ರಮ.

ಗೆರೆ ಎಳೆದ. ಬಾಯಿ ತಾನಾಗಿ ಜಿಂಕೆಯ ಕಿವಿಗೆ ಹೋಯ್ತು. ಗಿರಾಕಿ ಯಾರು ಅಂತ ಇವನಿಗೆ ಗೊತ್ತಿಲ್ಲ... ಬಾಯಿಗೆ ಬಂದದ್ದು ಒಂದೇ ವಿಳಾಸ.

"ವಕ್ರಾ. ಎರಡನೇ ಮಾಳಿಗೆ. ನಿಶ್ಮಿತಾ ಇರುವ ಮನೆ."

ಆಮೇಲೆ ಬಾವಿ ಹತ್ರ ಆ ಸದ್ದು. ಮೆಟ್ಟಿಲಲ್ಲೂ ಬಂತು. ಇವ ಬಾಗಿಲು ತೆಗೆದ. ನಿಶ್ಮಿತಾ ಇವನನ್ನು ನೋಡ್ಲಿಲ್ಲ. ಇವನ ಹಿಂದೆ, ಸೊಂಟದ ಎತ್ತರದಲ್ಲಿ ಏನನ್ನೋ ನೋಡಿದ್ಳು.

"ಬಾಗಿಲು ಹಾಕ್ಬೇಡಿ," ಅಂದ್ಳು. "ಅದೂ ಒಳಗೆ ಬರ್ಲಿ."

ಎರಡು ತಿಂಗಳಲ್ಲಿ ಅದು ಅವಳ ಮೊದಲ ಮಾತು.

ಶನಿವಾರ ಅಮೀನಾಕ ಫೋನ್ ಮಾಡಿದ್ರು. "ಏನು ಮಾಡಿಟ್ಟಿದ್ದಿ ನೀನು? ಕಣ್ಣು ಮುಚ್ಚಿದ ಜಿಂಕೆ ಯಾರಿಗೆ ಬೇಕು?" ಹೋಗಿ ನೋಡಿದ. ಒಣಗಿ ಗಟ್ಟಿಯಾದ ಚರ್ಮ, ಅಡಿಯಲ್ಲಿ ಕಲ್ಲಿನ ಹಾಗೆ ಎಪಾಕ್ಸಿ. ರೆಪ್ಪೆ ಅಲ್ಲಾಡ್ಲಿಕ್ಕೇ ಸಾಧ್ಯ ಇಲ್ಲ. ಆದ್ರೂ ಎರಡೂ ಮುಚ್ಚಿದ್ವು... ಅಪ್ಪನಿಗೆ ಫೋನ್ ಹಚ್ಚಿ ಎಲ್ಲ ಹೇಳಿದ. ಅಪ್ಪ, "ಸರಿಯಾದ ಮನೆ ಹೆಸರು ಹೇಳು. ಹೋಗ್ತದೆ," ಅಂದ್ರು.

ಇವ ಕೇಳಿದ್ದಕ್ಕೆ ಅಮೀನಾಕ ಗಿರಾಕಿಯ ಹೆಸರು ಬರೆದುಕೊಟ್ರು. ಇವ ಕಿವಿ ಹತ್ರ ಬಗ್ಗಿದ. ಹೇಳಿದ್ರೆ ಅದು ಹೋಗ್ತದೆ. ಅದು ಹೋದ್ರೆ ನಿಶ್ಮಿತಾ ಪುನಃ... ಅವತ್ತು ಬೆಳಿಗ್ಗೆ ಅವಳು ಚಾ ಮಾಡಿದ್ಳು, ಸಕ್ಕರೆ ಸಾಕಾ ಅಂತ ಕೇಳಿದ್ಳು. ಇವ ಚೀಟಿ ಮಡಚಿ ಮೇಜಿನ ಮೇಲಿಟ್ಟ. "ನನ್ನಿಂದ ಆಗುದಿಲ್ಲ ಅಮೀನಾಕ" ಅಂದ. ಕೆಲಸ ಹೋಯ್ತು. ಹೊರಗೆ ಮೆಟ್ಟಿಲಲ್ಲಿ ಕೂತು ಅತ್ತನಂತೆ, ಮಗು ಹೋದ ಮೇಲೆ ಮೊದಲ ಸಲ. ಆ ಜಿಂಕೆ ಗಿರಾಕಿಗೆ ಬೇಡ ಆಯ್ತು, ಅಮೀನಾಕನ ಕಪಾಟಿನ ಮೇಲೆ ಈಗಲೂ ಉಂಟು. ಸಂಶಯ ಇದ್ದವರು ಹೋಗಿ ನೋಡಿ.

ಹೋದ ಶುಕ್ರವಾರ ನಾನು ಅವರಲ್ಲಿಗೆ ಊಟಕ್ಕೆ ಹೋಗಿದ್ದೆ. ನಿಶ್ಮಿತಾ ಬಂಗುಡೆ ಗಸಿ ಮಾಡಿದ್ಳು. "ಭಾವ, ನಿಮ್ಮ ಶರ್ಟಿನ ಗುಂಡಿಗೆ ಉಸಿರು ಕಟ್ತಾ ಉಂಟು" ಅಂತ ನನ್ನ ಹೊಟ್ಟೆಗೆ ತಮಾಷೆಯೂ ಮಾಡಿದ್ಳು. ಅಡುಗೆಮನೆ ಬಾಗಿಲ ಬುಡದಲ್ಲಿ ಒಂದು ಹಳೇ ಸೀರೆ, ನಾಲ್ಕು ಮಡಿಕೆ ಮಾಡಿ ಹಾಸಿದ್ದು. ನಡುವೆ ತಗ್ಗು. ಎಸಿ ಹದಿನೆಂಟರಲ್ಲಿ ಓಡ್ತಿತ್ತು, ನೆಲ ಕಾಲಿಗೆ ಕೊರೀತಿತ್ತು. ಅವಳು ಅನ್ನ ತರ್ಲಿಕ್ಕೆ ಒಳಗೆ ಹೋದಾಗ ನಾನು ಬಗ್ಗಿ ಸೀರೆ ಮೇಲೆ ಕೈ ಇಟ್ಟೆ... ಈ ಕೈಯೇ, ಸುಳ್ಳು ಹೇಳಿ ನನಗೇನು ಸಿಗ್ಲಿಕ್ಕುಂಟು.

ಬೆಚ್ಚಗಿತ್ತು.