ಬೀಗರ ಮನೆಯ ಬಾಗಿಲು

೧೯೫೮ರ ಒಂದು ಸೋಮವಾರ ಮೈಸೂರಿನ ಆಸ್ಪತ್ರೆಯೊಂದರ ಸಾಲು ಚಾಮುಂಡಿ ಬೆಟ್ಟವನ್ನು ಎರಡು ಸುತ್ತು ಹಾಕುವಷ್ಟು ಉದ್ದವಿತ್ತು. ಹಲ್ಲುನೋವಿಗೆಂದು ಬಂದಿದ್ದ ಕರೀಗೌಡನ ಕಿವಿಯೋ, ನಂಜನಗೂಡಿನಲ್ಲಿ ಇರುವೆ ಸೀನಿದರೂ ಕೇಳುವಂಥದ್ದು. ಮುಂದೆ ನಿಂತಿದ್ದ ಗಂಡಹೆಂಡಿರ ಪಿಸುಮಾತು ಅದಕ್ಕೆ ಯಾವ ಲೆಕ್ಕ?

“ತಲೆಗೆ ಪೆಟ್ಟು ಬಿದ್ದಿತ್ತಾ ಅಂತ ಹೋದ ವಾರ ಡಾಕ್ಟ್ರು ಮೂರು ಸಲ ಕೇಳಿದ್ರು. ನೀವು ಇಲ್ಲ ಅಂದ್ಬುಟ್ರಿ.”

“ಬಾಗಿಲು ತಗುಲಿ ಒಂದೂವರೆ ತಿಂಗಳಾಯ್ತು ಕಣೇ. ಒಂದು ತೊಟ್ಟು ರಕ್ತ ಬಂದಿಲ್ಲ. ಪೇಟ ಬಿಗಿಯಾಗಿ ತಲೆನೋವು, ಅಷ್ಟೇ.”

“ಎಡಗಾಲಿನ ಚಪ್ಪಲಿ ಕಳಚಿಬಿದ್ರೂ ನಿಮಗೆ ಗೊತ್ತಾಗಲ್ಲ. ಅದೂ ಪೇಟದಿಂದ್ಲಾ?”

ಆತ ಬಗ್ಗಿ ಎಡಗಾಲಿನ ಚಪ್ಪಲಿ ಇದೆಯೋ ಇಲ್ಲವೋ ನೋಡಿಕೊಂಡ.

“ಪೆಟ್ಟು ಬಿದ್ದಿದ್ರೆ ಬುರುಡೆ ಒಳಗೇ ಮೆಲ್ಲಗೆ ರಕ್ತ ಸೇರ್ಕೊಂಡು ಮಿದುಳನ್ನ ಒತ್ತುತ್ತಂತೆ. ತೂತು ಕೊರೆದು ತೆಗೀಬೇಕಂತೆ. ನೀವು ಹೇಳ್ದೆ ಅವರಿಗೆ ಹೆಂಗೆ ಗೊತ್ತಾಗ್ಬೇಕು?”

“ಮಗಳನ್ನ ಕೊಟ್ಟು ಆರು ತಿಂಗಳಾಗಿಲ್ಲ. ಬೀಗರ ಮನೆ ಬಾಗಿಲು ಗಿಡ್ಡ ಅಂತ ಊರಿಗೆಲ್ಲ ಸಾರಲಾ?”

“ಮಗಳಿಗೆ ಅಪ್ಪ ಬೇಡ್ವಾ?”

ಕರೀಗೌಡನಿಗೆ ಹಲ್ಲಿನ ನೋವೇ ಮರೆತುಹೋಯಿತು. ಅಷ್ಟರಲ್ಲಿ ಜವಾನ “ಗುರುಮಲ್ಲಪ್ಪ” ಎಂದು ಕೂಗಿದ. ಆಕೆ ಗಂಡನ ಎಡಗೈ ಹಿಡಿದುಕೊಂಡಳು.

“ನೀನೇ ಹೇಳ್ಬುಡು,” ಎಂದ ಆತ ತಗ್ಗಿದ ದನಿಯಲ್ಲಿ. “ಯಾರ ಮನೆ ಬಾಗಿಲು ಅನ್ನೋದನ್ನ ಮಾತ್ರ ಬಾಯಿಬಿಡಬೇಡ.”

ಇಬ್ಬರೂ ಮೆಲ್ಲಗೆ ಒಳಗೆ ಹೋದರು.