ಹಿಂದಿನ ಸೀಟಿನ ಸಾಮಾನು

…ಇಲ್ಲ ಕಣೇ, ಸಾಲದ್ದಲ್ಲ. ಯಾರನ್ನೋ ಕಾಡಿ ಬೇಡಿ ತಂದದ್ದೂ ಅಲ್ಲ. ನನ್ನದೇ ಕಾರು. ಬೆಳಿಗ್ಗೆ ನಗದು ಕೊಟ್ಟು ತಗೊಂಡೆ, ಮಧ್ಯಾಹ್ನಕ್ಕೆ ತಂದು ನಿನ್ನ ಗೇಟಿನ ಮುಂದೆ ನಿಲ್ಲಿಸಿದೆ. ಯಾಕೆ ನಗ್ತೀಯಾ? ಕಾರು ನೋಡಿ ನಗ್ತಿದೀಯೋ, ನನ್ನ ನೋಡಿ ನಗ್ತಿದೀಯೋ? ಎರಡೂನಾ. ಆಗಲಿ. ಕಟ್ಟಿಕೊಂಡ ಹೆಂಡತಿ ನಗದೆ ಇನ್ಯಾರು ನಗ್ತಾರೆ.

ಒಂದು ರೌಂಡು ಬಾ ಅಂತ ಕರೆಯೋಕೆ ಬಂದೆ, ಅಷ್ಟೇ. ಸೇತುವೆ ತನಕ ಹೋಗೋದು, ಅಲ್ಲೊಂದು ಟೀ ಕುಡಿಯೋದು, ತಿರುಗಿಸಿಕೊಂಡು ಬರೋದು. ಅದಕ್ಕೆ ಯಾಕೆ ಗೇಟಿನ ಚಿಲಕದ ಮೇಲೆ ಕೈ ಇಟ್ಟುಕೊಂಡು ಹಾಗೆ ನಿಂತಿದೀಯಾ? ನಾನೇನು ಕರೆಂಟ್ ಬಿಲ್ಲು ವಸೂಲಿಗೆ ಬಂದವನಾ? ಕತ್ತಿನಲ್ಲಿರೋ ಅಳತೆ ಟೇಪು ಇದ್ದ ಹಾಗೇ ಇರಲಿ, ತೆಗೀಬೇಡ. ಟೈಲರಮ್ಮ ನನ್ನ ಪಕ್ಕ ಕೂತಿದಾಳೆ ಅಂತ ದಾರೀಲಿ ನಾಲ್ಕು ಜನಕ್ಕೆ ಗೊತ್ತಾಗಲಿ. ನಿನ್ನ ಹೆಸರು ಹೇಳಿದ್ರೆ ಬೀದಿ ತುದಿಯ ಅಂಗಡಿಯವನು ಮನೆ ತನಕ ದಾರಿ ಹೇಳ್ತಾನೆ. ದಾರಿ ಗೊತ್ತಿತ್ತು ನನಗೆ. ಸುಮ್ಮನೆ ಕೇಳಿದೆ, ಏನಂತಾನೆ ನೋಡೋಣ ಅಂತ.

ಏನಂದೆ? ಗಾಲಿರಾಯನ ಸವಾರಿ ಈ ಸಲ ಯಾವ ಕಡೆಗೆ ಅಂತನಾ? ಆ ಹೆಸರು ಇನ್ನೂ ಮರೆತಿಲ್ಲ ನೀನು. ಇವನು ಕಾರು ತಗೊಂಡ ಅಂದ್ರೆ ಊರು ಬಿಟ್ಟ ಅಂತಲೇ ಲೆಕ್ಕ, ಅಲ್ವಾ? ಹೌದು, ಹಾಗೇ ಇತ್ತು ಅದು. ಬಿಳೀ ಕಾರು ತಗೊಂಡ ವಾರಕ್ಕೆ ಗಡಿಯಾರ ಕಾರ್ಖಾನೆ ಬಿಟ್ಟೆ. ಆ ಕೆಂಪು ಡಬ್ಬ ಬಂದಾಗ ಟೈರು ಅಂಗಡಿ ಬಿಟ್ಟೆ. ನೀನೂ ಎಷ್ಟು ಪಳಗಿಬಿಟ್ಟಿದ್ದೆ ಅಂದ್ರೆ, ನಾನು ಹೊರಗೆ ಹಾರ್ನ್ ಹೊಡೆದ್ರೆ ಸಾಕು, ಒಲೆ ಆರಿಸಿ ಲೋಟ ಸುತ್ತೋಕೆ ಹಳೇ ಪೇಪರು ಹುಡುಕ್ತಿದ್ದೆ. ಕೊನೇದು, ಆ ಬೂದಿ ಬಣ್ಣದ್ದು ತಂದಾಗ ಮಾತ್ರ ಹೊರಗೆ ಬಂದು ಸುತ್ತ ನೋಡಿ, ಇದಕ್ಕೆ ನಾನು ಹತ್ತೋದಿಲ್ಲ, ಶಾಲೆ ಮಕ್ಕಳ ಅಂಗಿ ಹೊಲಿಯೋದು ಬಾಕಿ ಇದೆ ಅಂದು ಒಳಗೆ ಹೋದೆ. ಹಿಂದಿಂದ ಬಸ್ಸಿಗೆ ಬರ್ತಾಳೆ ಬಿಡು ಅಂದುಕೊಂಡು ಹೊರಟೆ. ಬಂದೆಯಾ? ಎಲ್ಲಿ ಬಂದೆ. ನಾನೇ ವರ್ಷಕ್ಕೊಂದೆರಡು ಸಲ ನೆಂಟನ ಹಾಗೆ ಬಂದು, ನಿನ್ನ ಜಗಲಿ ಕುರ್ಚೀಲಿ ಕೂತು, ಟೀ ಕುಡಿದು ಎದ್ದು ಹೋಗೋ ಹಾಗಾಯ್ತು. ಆ ಕುರ್ಚಿ ಕಾಲು ಅಲ್ಲಾಡುತ್ತೆ, ಇವತ್ತು ಹೇಳಿಬಿಡ್ತೀನಿ. ಇಷ್ಟು ವರ್ಷ ಮರ್ಯಾದೆಗೆ ಸುಮ್ಮನಿದ್ದೆ.

ಕಾರಿನ ವಿಷಯ ಕೇಳು. ಸೆಕೆಂಡ್ ಹ್ಯಾಂಡೇ, ಮತ್ತೇನು. ಮೊದಲಿನವರು ಯಾರೋ ಮೇಷ್ಟ್ರಂತೆ. ಬ್ರೇಕ್ ಪೆಡಲಿನ ರಬ್ಬರು ಸವೆದಿದೆ, ಆಕ್ಸಿಲರೇಟರಿನದ್ದು ಹೊಸದರ ಹಾಗಿದೆ. ಅಂದ್ರೆ ತಿಳ್ಕೋ, ಎಂಥಾ ಪುಕ್ಕಲು ಮನುಷ್ಯ ಓಡಿಸಿರಬೇಕು! ಬಾಗಿಲು ತಟ್ಟಿ ಶಬ್ದ ಕೇಳಿದೆ, ಕೆಳಗೆ ಬಗ್ಗಿ ತುಕ್ಕು ನೋಡಿದೆ. ಬಗ್ಗಿದ್ದೇನೋ ಬಗ್ಗಿದೆ, ಏಳೋಕೆ ಆ ಕಾರನ್ನೇ ಹಿಡ್ಕೋಬೇಕಾಯ್ತು. ಕೈ ಜಾರಲಿಲ್ಲ, ಕಾರೂ ಅಲ್ಲಾಡಲಿಲ್ಲ. ಗಟ್ಟಿ ಗಾಡಿ ಅಂತ ಅಲ್ಲೇ ತೀರ್ಮಾನ ಮಾಡಿದೆ.

ದುಡ್ಡು ಎಲ್ಲಿಟ್ಟುಕೊಂಡು ಹೋಗಿದ್ದೆ ಅಂತೀಯಾ? ನೀನು ಹೊಲಿದುಕೊಟ್ಟ ಒಳಜೇಬಲ್ಲಿ. ಇದೇ ಪ್ಯಾಂಟು. ಕಾರಿನ ಅಂಗಡಿ ಕೌಂಟರಿನ ಮುಂದೆ ನಿಂತು ಬೆಲ್ಟು ಬಿಚ್ಚಿದೆ ನೋಡು, ಲೆಕ್ಕದ ಹುಡುಗಿ ಗಾಬರಿಯಾಗಿ ಗೋಡೆ ಕಡೆ ತಿರುಗಿ ಕೂತಳು. ನೋಟು ಬಿಸಿಯಾಗಿತ್ತು ಅಂತ ಬೆರಳ ತುದೀಲಿ ಎಣಿಸಿದಳು, ಪಾಪ.

ಕಂತಿನಲ್ಲಿ ತಗೊಂಡಿದ್ರೆ ಒಂದು ಸಲನಾದ್ರೂ ಹೊಸ ಕಾರು ನೋಡ್ತಿದ್ದೆ ಅಂತ ನೀನು ಅಂತಿದ್ದೆ. ಕಂತು ಕೊಡೋರು ಮೊದಲು ಏನು ಕೇಳ್ತಾರೆ ಗೊತ್ತಾ? ಇನ್ನೈದು ವರ್ಷ ಎಲ್ಲಿರ್ತೀರಿ ಅಂತ ಕೇಳ್ತಾರೆ. ನನಗೆ ಮುಂದಿನ ಶುಕ್ರವಾರದ್ದೇ ಗೊತ್ತಿರ್ತಿರಲಿಲ್ಲ. ನಗದು ಕೊಟ್ಟವನನ್ನ ಯಾರೂ ಏನೂ ಕೇಳಲ್ಲ. ಬಾಗಿಲು ಹಾಕು, ಕೀ ತಿರುಗಿಸು, ಹೊರಡು. ಇವತ್ತು ಸುಮ್ಮನೆ ಆ ಹುಡುಗಿ ಹತ್ತಿರ ಕೇಳಿ ನೋಡಿದೆ, ನನ್ನಂಥವನಿಗೆ ಕಂತು ಕೊಡ್ತೀರೇನಮ್ಮಾ ಅಂತ. ತಲೆಯಿಂದ ಕಾಲ ತನಕ ಒಂದು ಸಲ ನೋಡಿದಳು. ಒಳ್ಳೇ ಮನೆ ಮಗು, ತಲೆ ತಗ್ಗಿಸಿ ರಸೀದಿ ಬರೆದಳು. ಆದ್ರೆ ನನಗೆ ಅರ್ಥ ಆಯ್ತು. ಆಗ ಎಲ್ಲಿರ್ತೀರಿ ಅಂತ ಕೇಳ್ತಿದ್ರು, ಈಗ ಇರ್ತೀರಾ ಅಂತ ಕೇಳ್ತಾರೆ.

ನಗು, ನಗು. ನಾನೂ ನಕ್ಕೆ. ನಕ್ಕು, ಆಮೇಲೆ ಸ್ವಲ್ಪ ಹೊತ್ತು ಅಲ್ಲೇ ಬೆಂಚಿನ ಮೇಲೆ ಕೂತೆ.

ಇಷ್ಟು ಕಾರು ಕೊಂಡೆ, ಒಂದಕ್ಕೂ ಒಬ್ಬರ ಹಂಗಿಲ್ಲ ಅಂತ ಎದೆ ಉಬ್ಬಿಸಿಕೊಂಡು ತಿರುಗಿದವನು ನಾನು. ಆದ್ರೆ ಕೊಡೋದು ಬಾಕಿ ಇರೋನನ್ನ ಬೈಕೊಂಡಾದ್ರೂ ಯಾರೋ ಒಬ್ಬರು ಹುಡುಕಿಕೊಂಡು ಬರ್ತಾರೆ ಕಣೇ. ನನ್ನನ್ನ ಹುಡುಕೋಕೆ ಯಾರಿಗೂ ಒಂದು ಕಾರಣವೇ ಇಲ್ಲ. ಈಚೆಗೆ ಜ್ವರ ಬಂದು ಬಾಡಿಗೆ ರೂಮಲ್ಲಿ ಮಲಗಿದ್ನಾ, ಬಾಗಿಲು ತಟ್ಟಿದವನು ಒಬ್ಬನೇ. ಅವನೂ ಪಕ್ಕದ ರೂಮಿನವನನ್ನ ಹುಡುಕಿಕೊಂಡು ಬಂದಿದ್ದ. ಇದಲ್ಲ ಅಂದೆ, ಹೋದ. ಅವನು ಹೋದಮೇಲೆ ಅನ್ನಿಸಿತು, ಇದೇ ರೂಮು ಬಾರಪ್ಪ ಅಂದಿದ್ರೆ ಒಂದೈದು ನಿಮಿಷ ಕೂತಿರ್ತಿದ್ನೇನೋ ಅಂತ.

ಈಗ ಹಾಗೆ ನೋಡಬೇಡ. ಜ್ವರ ಎಲ್ಲ ಬಿಟ್ಟಿದೆ. ಗುಂಡುಕಲ್ಲಿನ ಹಾಗಿದೀನಿ. ಇಲ್ಲದಿದ್ರೆ ನೀನು ಕನ್ನಡಕದ ಮೇಲಿಂದ ಹೀಗೆ ನೋಡೋದನ್ನ ತಡ್ಕೊಳ್ತಿದ್ನಾ? ನಡಿ, ಹೊತ್ತಾಗುತ್ತೆ. ಮಿಷನ್ನಿಗೆ ಮುಸುಕು ಹಾಕಿ ಬಾ…

ಆ ಕಡೆ ಎಲ್ಲಿಗೆ ಹೋಗ್ತೀಯಾ? ಮುಂದಿನ ಬಾಗಿಲು ಇದು. ಹಿಂದಿನ ಸೀಟಿನಲ್ಲಿ ನೋಡೋಕೆ ಏನಿದೆ.

ಅದಾ. ಹಾಸಿಗೆ ಅದು. ಹಿಂದಿನ ಸೀಟಿನ ಸ್ಪ್ರಿಂಗು ಚುಚ್ಚುತ್ತೆ ಅಂತ ಹಾಕಿದೆ, ಕೂತೋರಿಗೆ ಮೆತ್ತಗಿರಲಿ ಅಂತ. ಯಾರೂ ಕೂತಿಲ್ಲ, ನಿಜ. ಕೂತ್ರೆ ಅಂದೆ. ಸುರುಳಿ ಸುತ್ತಿ ಹಗ್ಗ ಕಟ್ಟಿದ ಹಾಸಿಗೆ ಮೇಲೆ ಹೇಗೆ ಕೂರ್ತಾರೆ ಅಂತೆಲ್ಲ ಕೇಳ್ತೀಯಲ್ಲ, ನೀನು ವಕೀಲಿ ಓದಬೇಕಿತ್ತು.

ಟೇಬಲ್ ಫ್ಯಾನು ಸೆಖೆಗೆ. ಕಾರಿನ ಏಸಿ ಕೆಟ್ಟಿದೆ. ವೈರು ಎಲ್ಲಿಗೆ ಸಿಕ್ಕಿಸ್ತೀಯಾ ಅಂದ್ರೆ… ಅದನ್ನ ಇನ್ನೂ ಯೋಚನೆ ಮಾಡಬೇಕು. ಗೋಡೆ ಗಡಿಯಾರ ಯಾಕೆ ಅಂದ್ರೆ ಕಾರಿನ ಗಡಿಯಾರ ನಿಂತಿದೆ. ಟೀ ಕೆಟಲ್ಲು ದಾರಿಗೆ. ಸೇತುವೆ ಹತ್ತಿರದ ಟೀ ನಿನಗೆ ಸೇರದೇ ಹೋದ್ರೆ? ಹೂವಿನ ಕುಂಡಕ್ಕೆ… ಅದಕ್ಕೂ ಗಾಳಿ ಬೆಳಕು ಬೇಡವೇನೇ? ಅದೂ ಒಂದು ಸಲ ಸೇತುವೆ ನೋಡಲಿ ಅಂತ ಕರ್ಕೊಂಡು ಬಂದೆ.

ಈಗ ನಗಬೇಕಿತ್ತು ನೀನು.

ಡಿಕ್ಕಿ ತೆಗೀಬೇಡ, ಅದರ ಬೀಗ ಸರಿಯಿಲ್ಲ… ತೆಗೆದೇಬಿಟ್ಟೆ. ಹಳೇ ಬಟ್ಟೆ, ಬಕೆಟ್ಟು, ದಿಂಬು, ಶೇವಿಂಗ್ ಡಬ್ಬ. ನನ್ನ ವಯಸ್ಸಿನವನು ಒಂದು ರೌಂಡು ಹೊರಟ್ರೂ ಎಲ್ಲ ಜೋಡಿಸಿಕೊಂಡೇ ಹೊರಡಬೇಕು, ಯಾವಾಗ ಏನು ಬೇಕಾಗುತ್ತೋ… 

ಮಾತಾಡು.

ಬೈಯಾದ್ರೂ ಬೈ. ನೀನು ಬೈದ್ರೆ ಉತ್ತರ ಕೊಡೋಕೆ ನನಗೆ ಬರುತ್ತೆ. ಕೇಳಿದ್ದಕ್ಕೆಲ್ಲ ಒಂದೊಂದು ಹೊಂದಿಸಿ ಹೇಳೋಕೂ ಬರುತ್ತೆ, ಜೀವಮಾನವೆಲ್ಲ ಅದನ್ನೇ ಮಾಡಿದೀನಿ. ಹೀಗೆ ಬಕೆಟ್ಟಿನ ಮೇಲೆ ಕೈ ಇಟ್ಟುಕೊಂಡು, ಬಾಯಿ ಮುಚ್ಚಿ, ನನ್ನ ಮುಖ ನೋಡ್ತಾ ನಿಂತ್ರೆ ನಾನೇನು ಮಾಡಲಿ?

ಖಾಲಿ ಮಾಡಿದೆ. ರೂಮು. ಬೆಳಿಗ್ಗೆ ಸಾಮಾನು ಅಲ್ಲಿನ ಜಗಲಿಗೆ ತಂದಿಟ್ಟು ಕಾರು ತರೋಕೆ ಹೋದೆ, ಬಂದು ತುಂಬಿಕೊಂಡೆ. ಅಲ್ಲಿ ಈಗ ಬೇರೆ ಯಾರೋ ಬಂದಿರ್ತಾರೆ. ಸೇತುವೆ ಆಚೆ ನನಗೆ ಯಾವ ಊರೂ ಇಲ್ಲ. ಈಚೆಗೂ ಇಲ್ಲ, ನೀನು ಇಲ್ಲ ಅಂದ್ರೆ.

ಇದ್ದಬದ್ದ ದುಡ್ಡೆಲ್ಲ ಕಾರಿಗೆ ಸುರಿದೆಯಾ ಅಂತ ತಾನೇ ಕಣ್ಣಲ್ಲಿ ಕೇಳ್ತಿರೋದು? ಸುರಿದೆ. ಹಾಸಿಗೆ ಹೊತ್ತುಕೊಂಡು ಬಸ್ಸಿಳಿದು ಬಂದಿದ್ರೆ ನಾನು ಏನಂತ ಕೇಳಬೇಕಿತ್ತು ಹೇಳು. ಒಳಗೆ ಬರಲಾ ಅಂತ ಕೇಳಬೇಕಿತ್ತು. ಅದು ನನ್ನ ಬಾಯಲ್ಲಿ ಬರ್ತಿರಲಿಲ್ಲ. ಕಾರಿದ್ರೆ ಒಂದು ರೌಂಡು ಬರ್ತೀಯಾ ಅಂತ ಕೇಳಬಹುದು. ಬರಲ್ಲ ಅಂದ್ರೆ ಏನಂತೆ, ಗೇರು ಹಾಕಿ ಹೊರಟುಹೋಗಬಹುದು. ಓಡ್ತಾ ಇರೋ ಕಾರಿನಲ್ಲಿ ಮನುಷ್ಯನ ಮುಖ ಯಾರಿಗೂ ಕಾಣಲ್ಲ.

ಅಷ್ಟೇ. ಹೇಳಿ ಆಯ್ತು. ಈಗ ಡಿಕ್ಕಿ ಮುಚ್ಚು, ಇಲ್ಲ ಅಂದ್ರೆ ಇಲ್ಲ ಅನ್ನು, ನಾನು—

ಎಲ್ಲಿಗೆ ಹೊರಟೆ? ಕೋಪ ಬಂತಾ? ಮಾತಾಡಿ ಹೋಗು. ಗೇಟು ಹಾಕಿಕೋಬೇಡ…

ಏನು ಮಾಡ್ತಿದೀಯಾ ಅಲ್ಲಿ? ಗೇಟಿನ ಆ ಕಡೆಯ ಬಾಗಿಲು ಯಾಕೆ ಎಳೀತೀಯಾ, ನೆಲ ಕಚ್ಚಿಕೊಂಡು ಕೂತಿದೆ ಅದು, ಎಷ್ಟು ಕಾಲ ಆಯ್ತೋ ತೆಗೆದು. ಸೊಂಟ ಹಿಡ್ಕೊಳ್ಳುತ್ತೆ ಬಿಡೇ. ನಾನೊಬ್ಬ ಒಳಗೆ ಬರೋಕೆ ಒಂದು ಬಾಗಿಲು ಧಾರಾಳ ಆಯ್ತು, ಎರಡೂ ಯಾಕೆ…

ಓ.

ಕಾರಿಗಾ.

ಸರಿ. ಸರಿ, ಹತ್ತಿದೆ ನೋಡು. ನೀನು ಅಲ್ಲೇ ನಿಂತು ಎಡಕ್ಕೋ ಬಲಕ್ಕೋ ಹೇಳ್ತಾ ಹೋಗು. ಕೈ ಆಡಿಸಿದ್ರೆ ಆಗಲ್ಲ ಕಣೇ, ಬಾಯಿ ಬಿಟ್ಟು ಹೇಳಬೇಕು. ಕೈ ನನಗೆ ಈಗ ಅಷ್ಟು ಚೆನ್ನಾಗಿ ಕಾಣ್ತಾ ಇಲ್ಲ.